ಅಂಗಾತ ಮಲಗಿದ ಇಲಿ

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಮೊಳೆಯಕ್ಕ ಎಂದು ಕರೆಯುತ್ತಿದ್ದರು. ಸೀಸದ ಅಚ್ಚುಮೊಳೆಗಳನ್ನು ತೂಕಕ್ಕೆ ಹಾಕಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಉಳಿದುಕೊಂಡಿತ್ತು. ಹೊಸಬರು ಅದು ಅವಳ ನಾಲಿಗೆಯಿಂದ ಬಂದ ಹೆಸರೆಂದು ತಿಳಿಯುತ್ತಿದ್ದರು. ಅದೂ ಪೂರ್ತಿ ಸುಳ್ಳಲ್ಲ.

ಶಾಲೆ ಬಿಟ್ಟ ವರ್ಷವೇ ಅವಳು ಅಲ್ಲಿಗೆ ಸೇರಿದ್ದಳು. ಮೊಳೆ ತುಂಬಿಟ್ಟ ಖಾನೆಗಳಿಗೆ ಕೈ ಎಟುಕದೆ ಒಂದು ಹಲಗೆಯ ಮೇಲೆ ನಿಂತು ಅಕ್ಷರ ಜೋಡಿಸುವ ಕೆಲಸ ಕಲಿತಳು. ಎಡಗೈಯಲ್ಲಿ ಅಂಚು ಕಟ್ಟಿದ ಕಬ್ಬಿಣದ ಪಟ್ಟಿ. ಬಲಗೈ ಖಾನೆಯಿಂದ ಖಾನೆಗೆ ಹಾರಿ ಒಂದೊಂದೇ ಮೊಳೆ ಹೆಕ್ಕಿ ತಂದು ಅದರಲ್ಲಿ ನಿಲ್ಲಿಸಬೇಕು. ಅಕ್ಷರಗಳು ಎಡದಿಂದ ಬಲಕ್ಕೇ ಸಾಗುತ್ತವೆ, ಆದರೆ ತಲೆಕೆಳಗಾಗಿ. ಮೊದಲ ಸಾಲು ಜೋಡಿಸುವವಳ ಹೊಟ್ಟೆಯ ಕಡೆಗೆ, ಎರಡನೆಯದು ಅದರಾಚೆ, ಮೂರನೆಯದು ಇನ್ನೂ ಆಚೆ. ಪುಟದ ತಲೆ ಯಾವಾಗಲೂ ಹತ್ತಿರ, ಕಾಲು ದೂರ. ಬೇರೆಯವರಿಗೆ ತಲೆ ಸುತ್ತುತ್ತಿತ್ತು. ಅವಳಿಗೆ ಮಾತ್ರ ನೆಟ್ಟಗಿರುವ ಅಕ್ಷರಗಳೇ ಸೊಟ್ಟಗೆ ಕಾಣತೊಡಗಿದವು. ಬಸ್ಸಿನ ಫಲಕ ಓದುವಾಗಲೂ ಕತ್ತು ತಿರುಗಿಸುತ್ತಾಳೆಂದು ಮನೆಯಲ್ಲಿ ಆಡಿಕೊಂಡು ನಗುತ್ತಿದ್ದರು.

ಮದುವೆ ಒಂದು ಸಲ ಗೊತ್ತಾಗಿ ಮುರಿದುಬಿತ್ತು. ಅದರ ಬಗ್ಗೆ ಯಾರಾದರೂ ಅಯ್ಯೋ ಪಾಪ ಅಂದರೆ, "ಪಾಪ ಯಾಕೆ? ಪ್ರೂಫಲ್ಲೇ ತಪ್ಪು ಸಿಕ್ತು, ಅಚ್ಚಿಗೆ ಹೋಗ್ಲಿಲ್ಲ" ಎನ್ನುತ್ತಿದ್ದಳು.

ಆಮೇಲೆ ಕಂಪ್ಯೂಟರ್ ಬಂತು. ಜೊತೆಯವರು ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಇವಳು ಅದನ್ನೂ ಕಲಿತಳು. ಮೌಸನ್ನು 'ಇಲಿ' ಎಂದು ಬೈಯುತ್ತ, ಮೇಜಿನ ತುದಿಯಿಂದ ಬಿದ್ದಾಗಲೆಲ್ಲ "ಬಾಲ ಹಿಡಿದು ಎಳೆದು ತಗೊಳ್ಳಿ ಆ ಶನೀನ" ಎನ್ನುತ್ತ, ಕೊನೆಗೆ ಅದನ್ನೂ ಪಳಗಿಸಿದಳು. ಸೀಸ ಹೋದರೇನು, ಪುಟ ಪುಟವೇ. ಎಲ್ಲಿ ಚಿತ್ರ ಕೂರಬೇಕು, ಎಲ್ಲಿ ಸಾಲು ನಿಲ್ಲಬೇಕು, ಎಷ್ಟು ಬಿಳಿ ಬಿಡಬೇಕು ಎಂಬುದು ಅವಳ ಬೆರಳುಗಳಿಗೆ ಗೊತ್ತಿತ್ತು. ಪುಟ ಕಟ್ಟುವುದು ಎಂದು ಅವಳು ಹೇಳುತ್ತಿದ್ದುದನ್ನು ಕೇಳಿದರೆ ಯಾರೋ ಗೋಡೆ ಕಟ್ಟುವ, ಮಾಲೆ ಕಟ್ಟುವ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು.

ಯಂತ್ರದ ಕೋಣೆಯ ಮೆಟ್ಟಿಲಲ್ಲಿ ಎಣ್ಣೆ ಚೆಲ್ಲಿತ್ತು. ಜಾರಿದಳು, ಬಲಗೈ ಊರಿದಳು. ಮುರಿದ ಮೂಳೆಗೆ ಹಾಕಿದ್ದ ಕಟ್ಟು ಬಿಚ್ಚಿದ ಮೇಲೆ ಬೆರಳುಗಳೆಲ್ಲ ಮೊದಲಿನಂತೆ ಆಡಿದವು, ಮಣಿಕಟ್ಟು ಮಾತ್ರ ತುಕ್ಕು ಹಿಡಿದ ತಿರುಗಣಿಯಂತೆ ನಿಂತುಬಿಟ್ಟಿತು. ಮೌಸನ್ನು ನಾಲ್ಕು ಬೆರಳು ಆಚೆ ಸರಿಸಬೇಕಾದರೂ ಇಡೀ ತೋಳನ್ನು ಎತ್ತಿ ಇಡಬೇಕು. ಬಾಣದ ಗುರುತು ಕುಡಿದವನಂತೆ ಪರದೆಯ ಮೇಲೆಲ್ಲ ತೂರಾಡುತ್ತಿತ್ತು. ಎಡಗೈಯಲ್ಲಿ ಆಡಿಸಿ ನೋಡಿದಳು. ಆ ಕೈ ಬದುಕೆಲ್ಲ ಮೊಳೆಯ ಪಟ್ಟಿ ಹಿಡಿದುಕೊಂಡೇ ಇದ್ದ ಕೈ, ಹುಡುಕಿ ಹೆಕ್ಕುವುದು ಅದಕ್ಕೆ ಗೊತ್ತಿರಲಿಲ್ಲ.

ಪ್ರೆಸ್ಸು ಈಗ ಹಳೆಯ ಯಜಮಾನರ ಮಗನ ಕೈಯಲ್ಲಿತ್ತು. ಎಲ್ಲರೂ ಚಿಕ್ಕ ಯಜಮಾನ ಅನ್ನುತ್ತಿದ್ದರು. ಕೆಟ್ಟವನಲ್ಲ, ಕೆಟ್ಟ ಮಾತು ಆಡಬೇಕಾದಾಗ ಕನ್ನಡಕ ಒರೆಸಿಕೊಳ್ಳುವವನು. ಒಂದು ದಿನ ಅವಳ ಮೇಜಿನ ಬಳಿ ಬಂದು ನಿಂತು ಕನ್ನಡಕ ಒರೆಸಿದ.

"ಅಕ್ಕ, ಹೊಸದಾಗಿ ಬಂದಿದೆಯಲ್ಲ, ಆ ಹುಲ್ಲಿನ ಚಿತ್ರಗಳ ಪುಸ್ತಕ, ಅದನ್ನ ಹೊರಗಡೆ ಕೊಡೋಣ ಅಂತಿದ್ದೀನಿ. ಆಚೆ ಬೀದೀಲಿ ಪುಟ ಮಾಡಿಕೊಡೋರಿದ್ದಾರೆ. ನೀವು ಹಾಯಾಗಿ ಕೂತು ಪ್ರೂಫ್ ನೋಡಿ."

"ನನ್ನ ಕಣ್ಣಿಗೆ ಕೆಲಸ ಕೊಟ್ಟು ಕೈಗೆ ರಜಾನಾ?"

"ಹಾಗಲ್ಲ ಅಕ್ಕ..."

"ಸ್ವಲ್ಪ ತಡೀರಿ. ಆಗ್ಲಿಲ್ಲ ಅಂದ್ರೆ ನಾನೇ ಹೇಳ್ತೀನಿ, ಕೊಟ್ಬಿಡಿ ಅಂತ. ಪುಟ ಕಟ್ಟೋದು ಬಿಟ್ಮೇಲೆ ಇಲ್ಲಿಗೆ ಬರೋದೂ ಬಿಡ್ತೀನಿ."

ಅವನು ಇನ್ನೊಮ್ಮೆ ಕನ್ನಡಕ ಒರೆಸಿ ಹೊರಟುಹೋದ.

ಅವಳ ತಮ್ಮನದು ರೇಡಿಯೊ, ಟೀವಿ, ಮಿಕ್ಸಿ ರಿಪೇರಿಯ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬೀದಿಯ ಕಡೆಯ ಕೋಣೆ ಅಕ್ಕನದು. ಯಾರು ಏನು ತಂದರೂ ಅವನು ಮೊದಲು ಆಡುವ ಮಾತು "ಸರಿ ಮಾಡೋಣ". ಬೀದಿಯವರು ಅದನ್ನೇ ಅವನಿಗೆ ಹೆಸರಿಟ್ಟಿದ್ದರು. ಕೋಪ ಬಂದರೆ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

"ಕೈ ಯಾಕಕ್ಕ ಆಡಿಸ್ಬೇಕು?" ಎಂದ ತಮ್ಮ. "ಮೌಸು ಒಂದು ಕಡೆ ಕೂತಿರ್ಲಿ. ಬೆರಳು ಮಾತ್ರ ಆಡ್ಲಿ."

"ಮೌಸು ಕೂತ್ರೆ ಬಾಣಾನೂ ಕೂರುತ್ತೆ ಕಣೋ, ಪೆದ್ದ."

"ಕೂರಲ್ಲ. ಸರಿ ಮಾಡೋಣ, ತಡಿ."

ಗುಂಡು ಉರುಳಿಸಿ ಬಾಣ ಆಡಿಸುವ ಸಾಮಾನು ಅಂಗಡಿಗಳಲ್ಲೂ ಇತ್ತು. ಅವಳು ಹೋಗಿ ನೋಡಿಯೂ ಬಂದಿದ್ದಳು. ಅದರಲ್ಲಿದ್ದುದು ಗೋಲಿಯಂಥ ಗುಂಡು, ಹೆಬ್ಬೆರಳಲ್ಲೇ ಆಡಿಸಬೇಕು; ಹೆಬ್ಬೆರಳು ಅಲುಗಿದರೆ ನೋವು ಮಣಿಕಟ್ಟಿನವರೆಗೂ ಎಳೆಯುತ್ತಿತ್ತು. ತಮ್ಮನಿಗೆ ಬೇಕಾಗಿದ್ದುದು ದೊಡ್ಡದು, ಅಂಗೈ ಊರಿಕೊಂಡು ಎಲ್ಲ ಬೆರಳುಗಳಿಂದ ಸವರುವಂಥದ್ದು. ಅದು ಸಿಕ್ಕಿದ್ದು ಗುಜರಿಯಲ್ಲಿ. ಯಾವುದೋ ಆಸ್ಪತ್ರೆ ಬಿಸಾಡಿದ ಹಳೆಯ ಸ್ಕ್ಯಾನಿಂಗ್ ಯಂತ್ರದ ಮುಂಭಾಗ. ಗುಂಡಿಗಳ ಸಾಲಿನ ನಡುವೆ ದಪ್ಪ ನಿಂಬೆಹಣ್ಣಿನಷ್ಟು ದೊಡ್ಡದಾದ ಬಿಳಿಯ ಗುಂಡು. ಎಷ್ಟು ಜನ ತಾಯಂದಿರಿಗೆ ಇನ್ನೂ ಹುಟ್ಟದ ಮಕ್ಕಳ ಮೂಗು, ಬೆನ್ನುಹುರಿ, ಮುಚ್ಚಿದ ಮುಷ್ಟಿ ತೋರಿಸಿತ್ತೋ. ತೊಳೆದು ಒರೆಸಿ ಇಟ್ಟಾಗ ಅದು ಹಾಲಿನಂತೆ ಹೊಳೆಯಿತು.

"ಇದೂ ಮೌಸೂ ಒಂದೇ ಜಾತಿ ಅಕ್ಕ," ಎಂದು ಅವನು ಒಂದು ಹಳೆಯ ಮೌಸಿನ ಹೊಟ್ಟೆ ಬಿಚ್ಚಿ ತೋರಿಸಿದ. ಅದರೊಳಗೂ ರಬ್ಬರಿನ ಒಂದು ಗುಂಡು. "ಅದು ಬೋರಲು ಮಲಗಿರೋ ಇಲಿ, ಇದು ಅಂಗಾತ ಮಲಗಿರೋ ಇಲಿ. ಅದರ ಹೊಟ್ಟೆಯನ್ನ ಮೇಜು ಸವರುತ್ತೆ, ಇದರ ಹೊಟ್ಟೆಯನ್ನ ನಾವು ಸವರ್ತೀವಿ. ಅಷ್ಟೇ."

ಗುಂಡು ಉರುಳಿದರೆ ಪಕ್ಕದ ಸೀಳುಸೀಳಾದ ಪುಟ್ಟ ಚಕ್ರಗಳು ತಿರುಗುತ್ತವೆ. ಸೀಳುಗಳಲ್ಲಿ ಬೆಳಕು ಹಾಯುತ್ತ, ಮರೆಯಾಗುತ್ತ ಇರುತ್ತದೆ. ಆ ಮಿಣುಕನ್ನು ಎಣಿಸಿ ಬಾಣ ಸರಿಯುತ್ತದೆ. ಎಡಬಲಕ್ಕೆ ಒಂದು ಜೊತೆ ತಂತಿ, ಮೇಲೆಕೆಳಗೆ ಒಂದು ಜೊತೆ. ಆಸ್ಪತ್ರೆಯ ಗುಂಡಿನ ತಂತಿಗಳನ್ನು ಕತ್ತರಿಸಿ ಹಳೆಯ ಮೌಸಿನ ಹಲಗೆಗೆ ಬೆಸೆದರೆ, ಕಂಪ್ಯೂಟರಿಗೆ ಅದು ಮೌಸೇ. ಅಂಗಡಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ತಂತಿಗಳಿಗೆ ಮೀಟರ್ ಹಿಡಿದು, ಗುಂಡು ಉರುಳಿಸಿದಾಗ ಮುಳ್ಳು ಕುಣಿಯುವುದನ್ನು ಕಂಡು ಅವನು ತಾನೂ ಕುಣಿದ. ಎಲ್ಲವನ್ನೂ ಕೂರಿಸಲು ಒಂದು ಪೆಟ್ಟಿಗೆ ಬೇಕಿತ್ತು. ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಅಡುಗೆಮನೆಯಿಂದ ಅಲ್ಯೂಮಿನಿಯಂ ಊಟದ ಡಬ್ಬಿ ತಂದು, ಮುಚ್ಚಳದಲ್ಲಿ ದುಂಡಗೆ ತೂತು ಕೊರೆದುಬಿಟ್ಟ. ಒತ್ತುವ ಗುಂಡಿಗೆ ಮನೆಬಾಗಿಲಿನ ಕಾಲಿಂಗ್ ಬೆಲ್ಲಿನ ಸ್ವಿಚ್ಚು.

"ಸರಿಮಾಡೋಣ ಅವರೇ," ಎಂದಳು ಹೆಂಡತಿ, ಡಬ್ಬಿ ನೋಡಿ. "ನಾಳೆಯಿಂದ ಊಟ ಅಂಗೈಯಲ್ಲಿ ಹಿಡ್ಕೊಂಡು ಅಂಗಡಿಗೆ ಇಳೀರಿ."

ಪ್ರೆಸ್ಸಿನಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದಾಗ ಎಲ್ಲರೂ ಸುತ್ತ ನೆರೆದರು. ಪುಸ್ತಕ ಹೊಲಿಯುವ ಬೈಂಡರ್ ತಾತ ಬಗ್ಗಿ ನೋಡಿ, "ಏನಮ್ಮಾ, ಡಬ್ಬೀಲಿ ನಿಂಬೆಹಣ್ಣು ಸಿಕ್ಕಾಕೊಂಡಿದೆಯಲ್ಲ!" ಎಂದ. ಅವಳು ಗುಂಡಿನ ಮೇಲೆ ಬೆರಳಿಟ್ಟು ಪಕ್ಕಕ್ಕೆ ಸವರಿದಳು. ಬಾಣ ನೀರಿನಲ್ಲಿ ಮೀನು ಜಾರಿದಂತೆ ಜಾರಿತು. ಮಣಿಕಟ್ಟು ಡಬ್ಬಿಯ ಮೇಲೆ ಒರಗಿಕೊಂಡೇ ಇತ್ತು, ನೋವಿಲ್ಲ. ತಮ್ಮನ ಕಣ್ಣು ತುಂಬಿತು. ಅದನ್ನು ಯಾರೂ ನೋಡಬಾರದೆಂದು, ಗಿರಾಕಿ ಕಾಯುತ್ತಿದ್ದಾನೆ ಎಂದು ನೆಪ ಹೇಳಿ ಓಡಿಹೋದ.

ಮೇಲೆಕೆಳಗಿನ ತಂತಿಗಳು ಅದಲುಬದಲಾಗಿದ್ದುದು ಹೀಗೆ ಯಾರ ಕಣ್ಣಿಗೂ ಬೀಳಲಿಲ್ಲ. ಗುಂಡನ್ನು ಆಚೆಗೆ ತಳ್ಳಿದರೆ ಬಾಣ ಕೆಳಗಿಳಿಯುತ್ತಿತ್ತು. ತನ್ನ ಕಡೆಗೆ ಎಳೆದುಕೊಂಡರೆ ಮೇಲೇರುತ್ತಿತ್ತು. ಮೊದಲ ಬೆಳಗ್ಗೆ ಅವಳು ಸ್ವಲ್ಪ ತಡವರಿಸಿದಳು. ಊಟದ ಹೊತ್ತಿಗೆ ತಡವರಿಕೆ ಹೋಗಿತ್ತು. ಇಲಿ ಬೇರೆ, ಗುಂಡು ಬೇರೆ. ಗುಂಡಿನ ರೀತಿಯೇ ಹೀಗೆ ಎಂದುಕೊಂಡಳು. ಅಷ್ಟೇ ಅಲ್ಲ, ಮೌಸಿನ ಜೊತೆ ಎಂದೂ ಸಿಗದ ಒಂದು ಸಲುಗೆ ಇದರ ಜೊತೆ ಬೆಳೆಯಿತು. ಯಾಕೆಂದು ಅವಳು ಯೋಚಿಸಲಿಲ್ಲ. ಚಪ್ಪಲಿ ಕಾಲಿಗೆ ಸರಿಯಾಗಿ ಕೂತಾಗ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ಹುಲ್ಲಿನ ಪುಸ್ತಕ ಸಾಗಿತು. ಬರೆದವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಒಬ್ಬ ಹೆಂಗಸು. ಪ್ರೆಸ್ಸಿನವರಿಗೆ ಹುಲ್ಲಿನ ಮೇಡಂ. ರಸ್ತೆಬದಿಯ ಹುಲ್ಲು, ಗೋಡೆಸಂದಿಯ ಹುಲ್ಲು, ಯಾರೂ ಹೆಸರು ಕೇಳದ ಹುಲ್ಲುಗಳನ್ನೆಲ್ಲ ಅವರು ಕೈಯಾರೆ ಬರೆದ ಚಿತ್ರಗಳಲ್ಲಿ ಹಿಡಿದಿದ್ದರು. ಪುಟಗಳು ಒಂದಾದ ಮೇಲೊಂದು ಎದ್ದುನಿಂತವು. ಕಾಲಿಂಗ್ ಬೆಲ್ಲಿನ ಗುಂಡಿ ಟಕ್ ಟಕ್ ಎಂದಾಗಲೆಲ್ಲ ಬೈಂಡರ್ ತಾತ "ಯಾರದು? ಬಾಗಿಲು ತೆಗ್ದೇ ಇದೆ, ಬನ್ನಿ" ಎನ್ನುತ್ತಿದ್ದ. ಕೊನೆಯ ಪುಟಗಳನ್ನು ನೋಡಲು ಮೇಡಂ ತಾವೇ ಬಂದು ಪಕ್ಕದಲ್ಲಿ ಕೂರುವುದೆಂದು ಗೊತ್ತಾಯಿತು.

ಅದರ ಹಿಂದಿನ ದಿನ ಆ ಬೆಲ್ಲಿನ ಗುಂಡಿಯೇ ಒತ್ತಿದಲ್ಲೇ ಸಿಕ್ಕಿಹಾಕಿಕೊಂಡಿತು. ಸಂಜೆ ತಮ್ಮ ಅದನ್ನು ಬದಲಾಯಿಸಲು ಪ್ರೆಸ್ಸಿಗೆ ಬಂದ. ಅಕ್ಕ ಕೈಗೆ ವ್ಯಾಯಾಮ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಳು. ಹೊಸ ಗುಂಡಿ ಹಾಕಿ, ಕೆಲಸ ಮಾಡುತ್ತದೋ ನೋಡೋಣವೆಂದು ಅವನು ಗುಂಡಿನ ಮೇಲೆ ಕೈಯಿಟ್ಟು ಆಚೆಗೆ ಉರುಳಿಸಿದ. ಬಾಣ ಕೆಳಗೆ ಇಳಿಯಿತು. ಇನ್ನೊಮ್ಮೆ ಉರುಳಿಸಿದ. ಇನ್ನೂ ಕೆಳಗೆ ಇಳಿಯಿತು.

ಅವನ ಕಿವಿ ಬಿಸಿಯಾಯಿತು. ಇಷ್ಟು ದಿನ ಅಕ್ಕ ತಲೆಕೆಳಗಾದ ಸಾಮಾನಿನ ಜೊತೆ ಗುದ್ದಾಡಿದ್ದಾಳೆ. ನೋವಿನ ಕೈಯಲ್ಲಿ. ಒಂದು ದಿನವಾದರೂ ಹೇಳಲಿಲ್ಲ. ತಮ್ಮನಿಗೆ ಬೇಜಾರಾಗುತ್ತದೆ ಎಂದು ನುಂಗಿಕೊಂಡಿದ್ದಾಳೆ. ಹಲ್ಲಿನಲ್ಲಿ ಟಾರ್ಚ್ ಕಚ್ಚಿಕೊಂಡು ಡಬ್ಬಿ ಬಿಚ್ಚಿದ. ಎರಡು ತಂತಿಗಳನ್ನು ಬಿಡಿಸಿ ಅತ್ತದ್ದಿತ್ತ, ಇತ್ತದ್ದತ್ತ ಬೆಸೆದ. ಆಚೆಗೆ ಉರುಳಿಸಿದರೆ ಈಗ ಬಾಣ ಮೇಲಕ್ಕೆ ಹೋಯಿತು. ಮನೆಯಲ್ಲಿ ಆ ಮಾತು ಎತ್ತಲಿಲ್ಲ. ಅವಳು ಹೇಳದೆ ಕಾಪಾಡಿದ ತನ್ನ ಮಾನವನ್ನು ತಾನಾಗಿ ಕಳೆದುಕೊಳ್ಳುವುದೇಕೆ? ನಾಳೆ ಅವಳಿಗೇ ತಿಳಿಯುತ್ತದೆ, ಹಿತವಾಗುತ್ತದೆ ಎಂದುಕೊಂಡು ನೆಮ್ಮದಿಯಾಗಿ ಮಲಗಿದ.

ಮರುದಿನ ಹುಲ್ಲಿನ ಮೇಡಂ ಕುರ್ಚಿ ಎಳೆದುಕೊಂಡು ಕೂತರು.

"ಈ ಚಿತ್ರ ಒಂಚೂರು ಮೇಲೆ ತಗೊಳ್ಳಿ."

ಮೊಳೆಯಕ್ಕ ಗುಂಡನ್ನು ತನ್ನ ಕಡೆಗೆ ಎಳೆದುಕೊಂಡಳು. ಹುಲ್ಲಿನ ಚಿತ್ರ ಸರ್ರನೆ ಕೆಳಗಿಳಿದು ಅದರ ವಿವರಣೆಯ ಮೇಲೆ ಕೂತಿತು.

"ಮೇಲೆ ಅಂದೆ."

"ಹೂಂ, ಮೇಲೇನೆ." ಮತ್ತೆ ಎಳೆದಳು. ಚಿತ್ರ ಪುಟದ ತಳ ದಾಟಿ ಮಾಯವಾಯಿತು.

"ಅಯ್ಯೋ, ಎಲ್ಲಿ ಹೋಯ್ತು ನನ್ನ ಹುಲ್ಲು?"

ಅವಳು ನಗಲು ನೋಡಿದಳು. ಕೈ ಒರೆಸಿಕೊಂಡು ಮತ್ತೆ ಹಿಡಿದಳು. ಮೇಲೆ ಎಂದರೆ ಕೆಳಗೆ, ಕೆಳಗೆ ಎಂದರೆ ಮೇಲೆ. ಆತುರದಲ್ಲಿ ಗುಂಡಿ ಒತ್ತಿ ಒಂದು ಸಾಲನ್ನೇ ಅಳಿಸಿದಳು. ಪಕ್ಕಕ್ಕೆ ಮಾತ್ರ ಎಲ್ಲ ಸರಿಯಾಗಿತ್ತು, ಅದೇ ಅವಳನ್ನು ಹೆದರಿಸಿತು. ಸಾಮಾನು ಕೆಟ್ಟಿದ್ದರೆ ಪೂರ್ತಿ ಕೆಡಬೇಕಿತ್ತು. ನಿನ್ನೆ ಮಧ್ಯಾಹ್ನದವರೆಗೆ ಇದೇ ಗುಂಡು, ಇದೇ ಬೆರಳು. ತಮ್ಮ ಬದಲಾಯಿಸಿದ್ದು ಒತ್ತುವ ಗುಂಡಿಯನ್ನು ಮಾತ್ರ. ಹಾಗಾದರೆ ಕೆಟ್ಟದ್ದು ತಾನು. ಅಮ್ಮನ ಕೊನೆಯ ದಿನಗಳು ಕಣ್ಣ ಮುಂದೆ ಬಂದವು. ಅಮ್ಮನಿಗೂ ಹೀಗೇ ಶುರುವಾಗಿತ್ತು: ಎಳೆಯಬೇಕಾದ ಬಾಗಿಲನ್ನು ತಳ್ಳುತ್ತ ನಿಂತುಬಿಡುತ್ತಿದ್ದಳು. ತಿಂಗಳುಗಳು ಕಳೆದಂತೆ ಮಗಳ ಮುಖವನ್ನೂ ಮರೆತಳು.

ಮೊಳೆಯಕ್ಕ ಎದ್ದುನಿಂತಳು. ಬಾಗಿಲ ಬಳಿಯಿದ್ದ ಚಿಕ್ಕ ಯಜಮಾನನಿಗೆ, "ಹೊರಗಡೆ ಕೊಟ್ಬಿಡಿ. ನನ್ನ ಕೈಲಿ ಆಗಲ್ಲ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು. ಅವನ ಕೈ ಕನ್ನಡಕದ ಕಡೆ ಹೋಯಿತು; ಒರೆಸುವುದನ್ನು ಮರೆತು ಅಲ್ಲೇ ನಿಂತಿತು.

ಮನೆಯ ಮೆಟ್ಟಿಲ ಮೇಲೆ ಅವಳು ಕೂತಿದ್ದನ್ನು ಮೊದಲು ನೋಡಿದ್ದು ಒಗೆದ ಬಟ್ಟೆ ಹೊತ್ತು ಬಂದ ತಮ್ಮನ ಹೆಂಡತಿ.

"ಏನತ್ತಿಗೆ, ಇಷ್ಟು ಬೇಗ? ಪ್ರೆಸ್ಸಿಗೆ ಬೆಂಕಿ ಬಿತ್ತಾ?"

"ನನಗೇ ಬಿತ್ತು ಕಣೆ. ಅಮ್ಮನ ಕಾಯಿಲೆ ನನಗೂ ಬಂತು."

ಬಕೆಟ್ಟು ಕೆಳಗಿಳಿಯಿತು. "ಬಿಡ್ತು ಅನ್ನಿ! ಏನಾಯ್ತು ಸರಿಯಾಗಿ ಹೇಳಿ."

"ಮೇಲೆ ಅಂದ್ರೆ ಕೆಳಗೆ ಹೋಗುತ್ತೆ. ಕೆಳಗೆ ಅಂದ್ರೆ ಮೇಲೆ. ತಲೇಲಿ ದಿಕ್ಕೇ ತಪ್ಪಿಹೋಗಿದೆ."

"ಎಲ್ಲಿ, ಕೈ ಮೇಲೆತ್ತಿ." ಎತ್ತಿದಳು. "ಕೆಳಗಿಳಿಸಿ." ಇಳಿಸಿದಳು. "ನಮ್ಮ ಮನೆ ಮೇಲಿದೆಯೋ ಕೆಳಗಿದೆಯೋ?"

"ಮೇಲೆ."

"ನನ್ನ ಗಂಡ?"

"ಕೆಳಗೆ, ಅಂಗಡೀಲಿ."

"ಬುದ್ಧಿ ನೆಟ್ಟಗೇ ಇದೆಯಲ್ಲ ಅತ್ತಿಗೆ! ರೀ, ಸ್ವಲ್ಪ ಬನ್ನಿ ಇಲ್ಲಿ. ಅತ್ತಿಗೆಗೆ ಮೇಲೆ ಅಂದ್ರೆ ಕೆಳಗೆ ಹೋಗ್ತಿದೆಯಂತೆ!"

ತಮ್ಮ ಬಂದ. ಅಕ್ಕನ ಮುಖ ನೋಡಿದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮೆಟ್ಟಿಲ ಮೇಲೆ ಬಿದ್ದು ಉರುಳಿತು.

"ಅಕ್ಕ, ನಾನು ನಿನ್ನೆ... ಸರಿ ಮಾಡಿದೆ."

"ಏನನ್ನ?"

"ಮೇಲೆಕೆಳಗಿನ ತಂತಿ. ಉಲ್ಟಾ ಬೆಸೆದುಬಿಟ್ಟಿದ್ದೆ. ನೀನು ನನಗೋಸ್ಕರ ಸುಮ್ನೆ ಸಹಿಸ್ಕೊಂಡಿದ್ದೀಯ ಅಂತ..."

ಅವಳ ಕೆನ್ನೆಯ ಮೇಲೆ ನೀರು ಇಳಿಯಿತು, ಅದರ ಹಿಂದೆಯೇ ಬೈಗುಳ ಬಂತು.

"ಸಹಿಸ್ಕೊಳ್ಳೋದಾ? ನಾನಾ? ನೀನು ಹುಟ್ಟಿದಾಗಿಂದ ಯಾವತ್ತಾದ್ರೂ ನಿನ್ನ ತಪ್ಪು ಸಹಿಸ್ಕೊಂಡಿದ್ದೀನೇನೋ ಕತ್ತೆ? ಒಂದು ಮಾತು ಕೇಳ್ಬಾರ್ದಿತ್ತಾ? ಸಾಯೋ ಹಾಗೆ ಹೆದರಿಸ್ಬಿಟ್ಯಲ್ಲೋ!"

"ಹೇಳಬಹುದಿತ್ತಲ್ಲ ನೀನಾದ್ರೂ, ಉಲ್ಟಾ ಇದೆ ಅಂತ."

"ಉಲ್ಟಾ ಇತ್ತು ಅಂತ ನನಗೇ ಗೊತ್ತಿರ್ಲಿಲ್ಲ!" ಎಂದವಳು ತಟ್ಟನೆ ನಿಂತಳು. ಎಡಗೈಯನ್ನು ಮುಂದೆ ಚಾಚಿ, ಅಂಗೈಯಲ್ಲಿ ಏನೋ ಇದೆ ಎಂಬಂತೆ ನೋಡಿದಳು. ಬಲಗೈಯ ಬೆರಳುಗಳು ತಾವಾಗಿ ಅದರ ಮೇಲೆ ಒಂದೊಂದನ್ನೇ ನಿಲ್ಲಿಸುತ್ತ ಹೋದವು. ಮೊದಲ ಸಾಲು ಹೊಟ್ಟೆಯ ಕಡೆಗೆ. ಮುಂದಿನದು ಆಚೆಗೆ. "ನೋಡು," ಎಂದಳು ಮೆಲ್ಲಗೆ. "ಪುಟದ ತಲೆ ನನ್ನ ಹತ್ರ ಇರುತ್ತೆ. ಮೇಲೆ ಹೋಗ್ಬೇಕು ಅಂದ್ರೆ ನನ್ನ ಕಡೆಗೆ ಎಳ್ಕೋಬೇಕು. ಈ ಕೈ ಕಲಿತದ್ದೇ ಹಾಗೆ ಕಣೋ. ನಿನ್ನ ಗುಂಡೂ ಹಾಗೇ ಇತ್ತು. ಅದಕ್ಕೇ ಒಗ್ಗಿಹೋಯ್ತು."

ಮೂವರೂ ಆ ಬರಿಯ ಅಂಗೈಯನ್ನು ನೋಡುತ್ತ ನಿಂತರು.

"ಹಾಗಾದ್ರೆ ಮತ್ತೆ ಉಲ್ಟಾ ಮಾಡಬೇಕು," ಎಂದಳು ತಮ್ಮನ ಹೆಂಡತಿ.

ತಮ್ಮನ ಮುಖ ಹುಳ್ಳಗಾಯಿತು. "ಗೊತ್ತಿದ್ದೂ ಗೊತ್ತಿದ್ದೂ ತಪ್ಪು ವೈರಿಂಗ್ ಮಾಡಿಕೊಡೋದಾ? ನಾಳೆ ಯಾರಾದ್ರೂ ಬಿಚ್ಚಿ ನೋಡಿದ್ರೆ ನನ್ನನ್ನ ಏನಂತಾರೆ?"

"ನನ್ನ ಕೈ ಇದು. ಬೇರೆಯವರು ಬಿಚ್ಚಿ ನೋಡೋಕೆ ಅವರಿಗೇನು ಕೆಲಸ? ನಡಿ, ಬೆಸುಗೆ ಸಾಮಾನು ತಗೋ."

"ಇಷ್ಟು ವರ್ಷದಲ್ಲಿ ಕೆಡಿಸಿಕೊಡು ಅಂತ ಕೇಳಿದ ಗಿರಾಕಿ ನೀನೊಬ್ಬಳೇ ಅಕ್ಕ," ಎಂದು ಗೊಣಗುತ್ತ ಅವನು ಚೀಲ ಹೆಗಲಿಗೆ ಹಾಕಿದ.

ಅವರು ಹೋಗುವ ಹೊತ್ತಿಗೆ ಹುಲ್ಲಿನ ಮೇಡಂ ಚಿತ್ರಗಳ ಕಟ್ಟನ್ನು ಚೀಲಕ್ಕೆ ತುಂಬುತ್ತಿದ್ದರು. ಚಿಕ್ಕ ಯಜಮಾನ ಆಚೆ ಬೀದಿಯವರಿಗೆ ಫೋನು ಮಾಡಿಯಾಗಿತ್ತು. ಪುಟಗಳನ್ನು ಒಯ್ಯಲು ಅವರ ಕಡೆಯವರು ಹೊರಡುವುದರಲ್ಲಿದ್ದರು.

"ಸ್ವಲ್ಪ ಕೂತ್ಕೊಳ್ಳಿ ಮೇಡಂ," ಎಂದಳು ಮೊಳೆಯಕ್ಕ. "ಕೆಟ್ಟಿದ್ದು ನಾನಲ್ಲ ಅಂತ ಗೊತ್ತಾಯ್ತು."

ಮೇಡಂ ಯಜಮಾನನ ಮುಖ ನೋಡಿದರು, ಯಜಮಾನ ಮೇಡಂ ಮುಖ ನೋಡಿದ. ಅಷ್ಟರಲ್ಲಿ ತಮ್ಮ ಡಬ್ಬಿಯ ಮುಚ್ಚಳ ತೆಗೆದಿದ್ದ. ಬೆಸುಗೆಯ ಹೊಗೆ ಎದ್ದಿತು. ಬೈಂಡರ್ ತಾತ ಅಂಟಿನ ಕೈಯಲ್ಲೇ ಬಂದು ಹಿಂದೆ ನಿಂತ. ಮುಚ್ಚಳ ಕೂತಿತು. ಮೊಳೆಯಕ್ಕ ಕೂಡಲೇ ಮುಟ್ಟಲಿಲ್ಲ. ಬೆರಳುಗಳನ್ನು ಒಮ್ಮೆ ಮಡಿಚಿ ಬಿಚ್ಚಿದಳು. ಏನೆಲ್ಲ ವಿವರಿಸಿ ಬಂದಿದ್ದರೂ ಆ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. ಅಂಗೈ ಊರಿದಳು, ಕಣ್ಣು ಮುಚ್ಚಿ ಗುಂಡನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬಂತು, ಬಂತು," ಎಂದರು ಮೇಡಂ. "ಮೇಲೆ ಬಂತು ನನ್ನ ಹುಲ್ಲು."

ಕಣ್ಣು ತೆರೆದಳು. ಅಳಿಸಿಹೋದ ಸಾಲನ್ನು ಮೊದಲು ತಂದು ಕೂರಿಸಿದಳು. ಚಿತ್ರವನ್ನು ಅದರ ಜಾಗಕ್ಕೆ ಏರಿಸಿದಳು. ಮುಂದಿನ ಪುಟ, ಅದರ ಮುಂದಿನ ಪುಟ. ಟಕ್ ಎಂದಾಗಲೂ ತಾತ ಈ ಸಲ 'ಯಾರದು' ಎನ್ನಲಿಲ್ಲ. ಕೊನೆಯ ಪುಟದಲ್ಲಿ ಒಂದೇ ಒಂದು ಹುಲ್ಲುಕಡ್ಡಿ, ತುದಿಯಲ್ಲಿ ಬಾಗಿದ ತೆನೆ, ಸುತ್ತ ಬಿಳಿ.

"ಇಲ್ಲಿ ಖಾಲಿ ಜಾಸ್ತಿ ಆಯ್ತು," ಎಂದರು ಮೇಡಂ. "ಚಿತ್ರ ದೊಡ್ಡದು ಮಾಡಿ. ಪುಟ ತುಂಬ್ಲಿ."

"ಮಾಡಲ್ಲ ಮೇಡಂ."

"ಮಾಡಲ್ವಾ? ಪುಸ್ತಕ ನಂದಮ್ಮ!"

"ಪುಸ್ತಕ ನಿಮ್ದೇ. ಯಾರು ಇಲ್ಲ ಅಂದ್ರು? ಇಷ್ಟು ತೆಳ್ಳಗಿರೋ ಕಡ್ಡೀನ ಹಿಗ್ಗಿಸಿದ್ರೆ ಕಬ್ಬು ಆಗುತ್ತೆ. ಹುಲ್ಲಿಗೆ ಗಾಳಿ ಆಡೋಕೆ ಜಾಗ ಬೇಕು."

"ನಾನು ಬದುಕೆಲ್ಲ ಹುಲ್ಲು ನೋಡಿದ್ದೀನಿ."

"ನಾನು ಬದುಕೆಲ್ಲ ಪುಟ ನೋಡಿದ್ದೀನಿ. ಅರ್ಧ ಬೆರಳು ಮೇಲೆ ಬೇಕಾದ್ರೆ ಏರಿಸ್ತೀನಿ. ದೊಡ್ಡದು ಮಾತ್ರ ಮಾಡಲ್ಲ."

"ಅರ್ಧ ಬೆರಳಲ್ಲ. ಒಂದು."

"ಮುಕ್ಕಾಲು!"

ಚಿಕ್ಕ ಯಜಮಾನನ ಫೋನು ಹೊಡೆದುಕೊಂಡಿತು. ಅವನು ಬಾಗಿಲ ಕಡೆ ಸರಿದು ಕಿವಿಗಿಟ್ಟ. "ಹೂಂ... ಬೇಡ, ಹೊರಡ್ಬೇಡಿ... ಇಲ್ಲ, ಇಲ್ಲೇ ಆಗುತ್ತೆ... ಯಾರು ಮಾಡ್ತಾರೆ ಅಂದ್ರೆ?" ಫೋನನ್ನು ಕಿವಿಯಿಂದ ತೆಗೆದು, ಇಬ್ಬರ ಜಗಳ ನಡೆದಿದ್ದ ಆ ಮೇಜಿನ ಕಡೆಗೆ ಚಾಚಿ ಹಿಡಿದು, ಮತ್ತೆ ಕಿವಿಗಿಟ್ಟ.

"ಕೇಳಿಸ್ತಾ?"